ಎಂಬತ್ತನೇ ಪುಟದಾಚೆ

ಕಣ್ಣಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮೂವತ್ತೊಂದು ವರ್ಷ ಕಾಂಪೌಂಡರ್ ಆಗಿದ್ದವರಿಗೆ ಆ ಸುತ್ತಿನ ಕಣ್ಣುಗಳೆಲ್ಲ ಪರಿಚಯ. ಯಾರಿಗೆ ಪೊರೆ ಬಂದಿದೆ, ಯಾರು ಕನ್ನಡಕ ಬೇಡವೆಂದು ಹಟ ಹಿಡಿಯುತ್ತಾರೆ, ಯಾರು ಡ್ರಾಪ್ಸ್ ಬೀಳುವ ಮೊದಲೇ ಅಳುತ್ತಾರೆ, ಎಲ್ಲವೂ ಗೊತ್ತು. ಅವರ ಹೆಸರು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ಅವರು ಕಾಂಪೌಂಡರ್ ಮಾಮ. ಹೆಸರು ಪೂರ್ತಿಯಾಗಿ ಅಚ್ಚಾಗಿದ್ದು ಒಂದೇ ಕಡೆ, ಅವರ ಪುಸ್ತಕದ ಮೇಲೆ.

ಪುಸ್ತಕ ಅವರ ಅಕ್ಕನ ಬಗ್ಗೆ. ತಾಯಿ ಹೆರಿಗೆಯಲ್ಲೇ ಹೋದ ಮೇಲೆ, ಎಂಟು ವರ್ಷ ದೊಡ್ಡವಳಾದ ಅಕ್ಕನೇ ಅವರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ಇಸ್ತ್ರಿ ಅಂಗಡಿಯಲ್ಲಿ ದುಡಿದು ಓದಿಸಿದ್ದಳು. ಹದಿನೆಂಟಕ್ಕೆ ಜ್ವರದಲ್ಲಿ ತೀರಿಕೊಂಡಳು. ಅವಳದೊಂದು ಫೋಟೋ ಕೂಡ ಇಲ್ಲ. ಆ ದಿನ ಹತ್ತು ವರ್ಷದ ತಮ್ಮನನ್ನು ಸೀಸೆ ಕೊಟ್ಟು ಔಷಧಿಗೆ ಕಳಿಸಿದ್ದಳು. ದಾರಿಯಲ್ಲಿ ವಾಚನಾಲಯವಿತ್ತು. ಪತ್ರಿಕೆಯಲ್ಲಿ ಅವನು ವಾರವಿಡೀ ಕಾದಿದ್ದ ಧಾರಾವಾಹಿಯ ಕೊನೆಯ ಕಂತು ಬಂದಿತ್ತು. ನಿಂತು ಪೂರ್ತಿ ಓದಿದ. ಮನೆಗೆ ಬರುವಷ್ಟರಲ್ಲಿ ಬಾಗಿಲಲ್ಲಿ ಜನ ಸೇರಿದ್ದರು.

ಇದನ್ನು ಅವರು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಬಾಯಲ್ಲಿ ಬರದ ಮಾತನ್ನು ಅಚ್ಚಾದರೂ ಹೇಳೀತು ಎಂದು ಪುಸ್ತಕ ಬರೆದರು. ಆ ಒಂದು ಅಧ್ಯಾಯವನ್ನು ಹನ್ನೊಂದು ಸಲ ಬರೆದರು. ಯಾರಾದರೂ ಒಬ್ಬರು ಓದಬೇಕು. ಓದಿ ಬೈದರೂ ಸರಿ, ‘ಹೋಗಲಿ ಬಿಡು, ಹುಡುಗಬುದ್ಧಿ’ ಅಂದರೂ ಸರಿ.

ಮೂವರು ಪ್ರಕಾಶಕರು ಉತ್ತರವನ್ನೇ ಬರೆಯಲಿಲ್ಲ. ತಾವೇ ಐನೂರು ಪ್ರತಿ ಅಚ್ಚು ಹಾಕಿಸಿದರು. ಬಿಡುಗಡೆಯ ದಿನ ಮುಖ್ಯ ಅತಿಥಿಗಳು ನಲವತ್ತು ನಿಮಿಷ ತಮ್ಮ ಪುಸ್ತಕಗಳ ಬಗ್ಗೆ ಮಾತಾಡಿ, “ಇದೂ ಚೆನ್ನಾಗಿರಬಹುದು” ಎಂದು ಕೂತರು. ಪ್ರತಿ ಸೋಮವಾರ ವಾಟ್ಸಾಪ್ ಗುಂಪುಗಳಿಗೆ ಮುಖಪುಟದ ಚಿತ್ರ ಕಳಿಸಿದರು, ಹೆಬ್ಬೆರಳುಗಳು ಬಂದವು. ಕೊನೆಯ ಪುಟದಲ್ಲಿ ‘ಓದಿ ಅನಿಸಿದ್ದನ್ನು ದಯವಿಟ್ಟು ತಿಳಿಸಿ’ ಎಂದು ಫೋನ್ ನಂಬರು ಹಾಕಿಸಿದ್ದರು. ಎರಡು ವರ್ಷದಲ್ಲಿ ಆ ನಂಬರು ನೋಡಿ ಬಂದದ್ದು ಒಂದೇ ಕರೆ: “ಡಾಕ್ಟ್ರು ಭಾನುವಾರ ಇರ್ತಾರಾ?”

ಕ್ಲಿನಿಕ್ಕಿನ ಬೆಂಚಿನ ಪಕ್ಕದಲ್ಲೂ ಒಂದು ಸಾಲು ಪುಸ್ತಕ ಜೋಡಿಸಿಟ್ಟರು. ಹೆಂಡತಿ ನಕ್ಕಳು.

“ಅಲ್ರೀ, ಕಣ್ಣಿಗೆ ಡ್ರಾಪ್ಸ್ ಹಾಕಿ ಅಕ್ಷರ ಕಾಣದ ಹಾಗೆ ಮಾಡೋರು ನೀವೇ, ಓದಿ ಅಂತ ಪುಸ್ತಕ ಇಡೋರೂ ನೀವೇ!”

“ಮನೆಗೆ ತಗೊಂಡು ಹೋಗಿ ಓದ್ತಾರೆ ಕಣೇ.”

“ಹೂಂ. ಹೆತ್ತವರಿಗೆ ಹೆಗ್ಗಣ ಮುದ್ದು. ನಿಮ್ಮ ಹೆಗ್ಗಣಗಳು ಮಂಚದ ಕೆಳಗೆ ಇನ್ನೂ ಮುನ್ನೂರಿವೆ, ಗುಡಿಸೋಕೆ ಜಾಗ ಇಲ್ಲ.”

ಆದರೂ ಅವರಿಗೊಂದು ಆಸರೆಯಿತ್ತು. ನಿವೃತ್ತ ಹೆಡ್‌ಮಿಸ್ಸೊಬ್ಬರು ಪುಸ್ತಕ ಕೊಂಡ ವಾರದಲ್ಲೇ ಬಂದು ಹೇಳಿದ್ದರು: “ಅಕ್ಕ ಸಾಯೋ ಭಾಗ ಓದಿ ಕಣ್ಣಲ್ಲಿ ನೀರು ನಿಲ್ಲಲಿಲ್ಲ ಕಣ್ರೀ.” ಅಂದರೆ ಅವರು ಓದಿದ್ದಾರೆ. ವಾಚನಾಲಯದ ಮಾತು ಅವರಿಗೆ ಗೊತ್ತು. ಗೊತ್ತಿದ್ದೂ ಅತ್ತರು, ಬೈಯಲಿಲ್ಲ. ಕಾಂಪೌಂಡರು ಎರಡು ವರ್ಷ ಆ ಒಂದು ಮಾತನ್ನೇ ಉಂಡು ಬದುಕಿದರು.

ಅಷ್ಟರಲ್ಲಿ ಪೊರೆ ತೆಗೆಸಿಕೊಂಡ ಒಬ್ಬ ಮುದುಕಿ ದಿನಾ ಡ್ರೆಸಿಂಗಿಗೆ ಬರತೊಡಗಿದಳು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲಿ ಮೊದಲೇ ದೃಷ್ಟಿ ಕಡಿಮೆ. ಸೊಸೆ ಬೆಂಚಿನ ಮೇಲೆ ಕೂರಿಸಿ ತನ್ನ ಕೆಲಸಕ್ಕೆ ಹೋಗುತ್ತಿದ್ದಳು. ಮುದುಕಿಯ ಕೈ ಪುಸ್ತಕದ ಸಾಲಿಗೆ ತಗುಲಿತು.

“ಏನಪ್ಪಾ ಇದು, ದೇವರ ಪುಸ್ತಕಾನಾ?”

“ಅಲ್ಲಮ್ಮ. ಒಬ್ಬಳು ಹುಡುಗೀದು.”

“ಹಾಗಾದ್ರೆ ಓದು, ಕೇಳೋಣ. ನಂಗೆ ಓದು ಬರಲ್ಲ, ಹೇಗೂ ಸುಮ್ನೆ ಕೂತಿದ್ದೀನಿ.”

ಅವರು ಓದಿದರು. ದಿನಕ್ಕೆ ಹದಿನೈದು ಹದಿನಾರು ಪುಟ, ಟೋಕನ್ನುಗಳ ನಡುವೆ. ಮುದುಕಿ ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದಳು. ಅಕ್ಕನಿಗೆ ಕಷ್ಟ ಬಂದಾಗ “ಅಯ್ಯೋ ಕಂದಾ” ಅನ್ನುತ್ತಿದ್ದಳು. ಐದನೆಯ ದಿನ ಎಂಬತ್ತನೇ ಪುಟಕ್ಕೆ ಬಂದರು. ಹುಡುಗ ಸೀಸೆ ಹಿಡಿದು ಬೀದಿಗಿಳಿದಿದ್ದ. ಅಲ್ಲಿಗೆ ನಿಲ್ಲಿಸಿದರು.

ಅಚ್ಚಾದ ಪುಸ್ತಕದಲ್ಲಿ ಅವರೇ ಅಲ್ಲಿಂದ ಮುಂದೆ ಯಾವತ್ತೂ ಹೋಗಿರಲಿಲ್ಲ. ಎಷ್ಟು ಸಲ ಕೈಗೆತ್ತಿಕೊಂಡರೂ ಎಂಬತ್ತಕ್ಕೆ ಬಂದು ಮುಚ್ಚಿಬಿಡುತ್ತಿದ್ದರು. ಬಾಯಿಪಾಠವಾದದ್ದನ್ನು ಓದುವುದೇನು ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದರು. ಆರನೆಯ ದಿನ ಮನಸ್ಸಿನಲ್ಲೇ ದೇವರಿಗೆ ಕೈಮುಗಿದು ಹಾಳೆ ತಿರುಗಿಸಿದರು. ನಾಲ್ಕು ಸಾಲು ಓದಿದ್ದರು, ಅಷ್ಟೆ.

“ಇದನ್ನ ಆಗ್ಲೇ ಓದಿದ್ಯಲ್ಲಪ್ಪಾ,” ಅಂದಳು ಮುದುಕಿ. “ಇಸ್ತ್ರಿ ಪೆಟ್ಟಿಗೆ ತಾಗಿ ಅವಳ ಕೈ ಸುಟ್ಟಿದ್ದು. ನಿನ್ನೇನೆ ಸುಟ್ಕೊಂಡಳು.”

ಪುಟದ ಸಂಖ್ಯೆ ಅರವತ್ತೈದು. ಎಂಬತ್ತರ ನಂತರ ಮತ್ತೆ ಅರವತ್ತೈದು, ಅರವತ್ತಾರು. ಅವು ಮುಗಿದ ಮೇಲೆ ಒಮ್ಮೆಲೇ ತೊಂಬತ್ತೇಳು. ಅಲ್ಲಿ ಅಕ್ಕ ಸತ್ತು ವರ್ಷವಾಗಿತ್ತು. ಸಾಲಿನಲ್ಲಿದ್ದ ಇನ್ನೊಂದನ್ನು ತೆಗೆದರು, ಮತ್ತೊಂದನ್ನು ತೆಗೆದರು. ಮನೆಗೆ ಹೋಗಿ ಮಂಚದ ಪಕ್ಕ ಮಂಡಿಯೂರಿ ಕೆಳಗಿದ್ದ ಎಲ್ಲವನ್ನೂ ಬಿಚ್ಚಿದರು. ಎಲ್ಲದರಲ್ಲೂ ಹಾಗೆಯೇ.

ಪ್ರೆಸ್ಸಿನವನು ಪುಸ್ತಕ ತಿರುವಿ ನೋಡಿ ತಲೆ ಕೆರೆದುಕೊಂಡ. “ಹದಿನಾರು ಪುಟಕ್ಕೆ ಒಂದು ಫಾರಂ ಸಾರ್. ನಮ್ಮೋರು ಐದನೇ ಫಾರಂನೇ ಎರಡು ಸಲ ಹೊಡೆದಿದ್ದಾರೆ, ಆರನೇದು ಹೊಡೆದೇ ಇಲ್ಲ. ತಪ್ಪು ನಮ್ಮದೇ, ಇಲ್ಲ ಅನ್ನಲ್ಲ.” ಆಮೇಲೆ, ಕುಹಕವಿಲ್ಲದೆ, ನಿಜವಾಗಿಯೂ ತಿಳಿಯದೆ ಕೇಳಿದ: “ಆದ್ರೆ ಎರಡು ವರ್ಷ ಆಯ್ತಲ್ಲ ಸಾರ್, ಓದಿದೋರು ಒಬ್ರೂ ಹೇಳ್ಲಿಲ್ವಾ?”

ಕಾಂಪೌಂಡರು ಪುಸ್ತಕವನ್ನು ಮುಚ್ಚಿ ತಮ್ಮ ಕಡೆಗೆ ಎಳೆದುಕೊಂಡರು.

“ಆ ಹದಿನಾರು ಪುಟ ಹೊಡೆದು ಕೊಡ್ತೀನಿ ಬಿಡಿ. ಯಾರ್ಯಾರಿಗೆ ಕಳಿಸ್ಬೇಕು, ವಿಳಾಸ ಕೊಡಿ.”

ವಿಳಾಸಗಳ ಪುಸ್ತಕ ಜೇಬಿನಲ್ಲೇ ಇತ್ತು. ಅಲ್ಲೇ ಸ್ಟೂಲಿನ ಮೇಲೆ ಕೂತು ಮೊದಲಿಂದ ಕೊನೆಯವರೆಗೆ ನೋಡಿದರು. ಬೆರಳು ಯಾವ ಹೆಸರಿನ ಮೇಲೂ ನಿಲ್ಲಲಿಲ್ಲ. “ಆಮೇಲೆ ಹೇಳ್ತೀನಿ” ಎಂದು ಎದ್ದರು.

ಅದೇ ವಾರ ಹೆಡ್‌ಮಿಸ್ಸು ಕಣ್ಣು ತೋರಿಸಲು ಬಂದರು. “ಮುಂದಿನ ಪುಸ್ತಕ ಯಾವಾಗ ಕಾಂಪೌಂಡರೇ? ಆ ಅಕ್ಕನ ಸಾವು ಬರೆದಿದ್ದೀರಲ್ಲ, ಅಬ್ಬಾ!” ಅಕ್ಕ ಸಾಯುತ್ತಾಳೆಂದು ಬೆನ್ನುಪುಟದಲ್ಲಿ ಎರಡು ಸಾಲು ತಾವೇ ಬರೆದದ್ದು ಕಾಂಪೌಂಡರಿಗೆ ಈಗ ನೆನಪಾಯಿತು.

“ಮೇಲೆ ನೋಡಿ ಮೇಡಂ,” ಎಂದರು. ಎರಡೂ ಕಣ್ಣಿಗೆ ಒಂದೊಂದು ಹನಿ ಬಿಟ್ಟರು. ಔಷಧಿಯ ಉರಿಗೆ ನೀರು ಇಳಿಯಿತು.

“ನೋಡಿ, ನೆನೆಸ್ಕೊಂಡ್ರೆ ಈಗ್ಲೂ ಬರುತ್ತೆ,” ಎಂದು ಹೆಡ್‌ಮಿಸ್ಸು ಸೆರಗಿನಿಂದ ಒರೆಸಿಕೊಂಡರು.

ಮುದುಕಿಯ ಪಟ್ಟಿ ಬಿಚ್ಚುವ ದಿನ ಬಂತು. ಡಾಕ್ಟರ ಕೋಣೆಯಿಂದ ಹೊರಬಂದವಳು ಅವರ ಮುಖವನ್ನೇ ದಿಟ್ಟಿಸಿದಳು. “ಅಯ್ಯೋ, ನಿಂಗೂ ಇಷ್ಟು ವಯಸ್ಸಾಗಿದ್ಯಾ! ದನಿ ಕೇಳಿ ಹುಡುಗ ಅಂದ್ಕೊಂಡಿದ್ದೆ.”

“ಅತ್ತೆ, ಆಟೋ ನಿಂತಿದೆ, ಬೇಗ ಬನ್ನಿ,” ಸೊಸೆ ಬಾಗಿಲಿಂದ ಕೂಗಿದಳು.

“ತಾಳೇ, ಬಂದೆ.” ಮುದುಕಿ ಅವರ ಕೈ ಹಿಡಿದಳು. “ಆ ಕಥೆ ಅರ್ಧಕ್ಕೇ ನಿಲ್ಲಿಸಿಬಿಟ್ಟೆ ನೋಡು. ಆ ಹುಡುಗೀಗೆ ಜ್ವರ ಬಂದಿತ್ತಲ್ಲ, ತಮ್ಮ ಔಷಧಿ ತರೋಕೆ ಹೋಗಿದ್ದ. ಬಂದನಾ?”

ಹನ್ನೊಂದು ಸಲ ಬರೆದ ಹದಿನಾರು ಪುಟ ಅಕ್ಷರ ಬಿಡದೆ ಅವರ ನಾಲಿಗೆಯ ಮೇಲೇ ಇತ್ತು. ಇಷ್ಟು ವರ್ಷಕ್ಕೆ ಕೇಳುವವಳೊಬ್ಬಳು ಎದುರಿಗೆ ನಿಂತಿದ್ದಳು.

“ಬಂದ ಅಮ್ಮ,” ಎಂದರು.

“ಬೇಗ ಬಂದನಾ?”

“ಬೇಗ ಬಂದ.”

“ಸದ್ಯ. ದೇವರು ದೊಡ್ಡವನು,” ಎಂದು ಮುದುಕಿ ಅವರ ಕೈಯನ್ನು ತಟ್ಟಿ, ಮೆಟ್ಟಿಲನ್ನು ತಾನೇ ನೋಡಿಕೊಂಡು ಇಳಿದಳು.

ಕಾಂಪೌಂಡರು ಮೇಜಿಗೆ ಬಂದು ಟೋಕನ್ ಡಬ್ಬಿ ಸರಿಸಿದರು. “ಹದಿನೇಳು,” ಎಂದು ಕೂಗಿದರು. ಬೆಂಚಿನಿಂದ ಯಾರೂ ಏಳಲಿಲ್ಲ. ಇನ್ನೊಮ್ಮೆ ಕೂಗಿದರು.