ಅಕ್ಕನಿಗೆ ಬಾರದೆ ಹೋದ ಕಾಯಿಲೆ

ಅಣ್ಣ ಮೆಣಸಿನಕಾಯಿ ತಿನ್ನುವುದು ಬಿಟ್ಟಿದ್ದಾನೆ ಎಂದು ಅತ್ತಿಗೆ ಫೋನಿನಲ್ಲಿ ಹೇಳಿದಾಗ ನಾನು ನಕ್ಕುಬಿಟ್ಟೆ. ಅವನು ಕೂಡ್ಲಿಗಿಯಲ್ಲಿ ಬಸ್ ಡ್ರೈವರ್. ಒಗ್ಗರಣೆ ಮಂಡಕ್ಕಿಯ ಜೊತೆ ಬಿಸಿ ಮೆಣಸಿನಕಾಯಿ ಬಜ್ಜಿ ಸಿಗದ ಊರಿಗೆ ಬಸ್ಸು ಬಿಡುವುದೇ ದಂಡ ಎನ್ನುತ್ತಿದ್ದ ಮನುಷ್ಯ. ಅತ್ತಿಗೆ ನಗಲಿಲ್ಲ. ದನಿ ತಗ್ಗಿಸಿ, "ಸಂಡಾಸಕ್ಕ ಹೋದ್ರ ರಕ್ತ ಬರ್ತೈತಂತ. ನನಗೂ ಹೇಳಿದ್ದಿಲ್ಲ. ಒಗಿಯಾಕ ಹಾಕಿದ ಬಟ್ಟಿ ನೋಡಿ ನಾನ ಕೇಳಿದೆ" ಎಂದಳು.

ನಾನು ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಸಣ್ಣ ಕರುಳು, ದೊಡ್ಡ ಕರುಳು, ಗುದನಾಳ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು, ಬಾಣದ ಗುರುತು ಹಾಕಿ ಮಕ್ಕಳಿಂದ ಹೆಸರು ಬರೆಸುತ್ತೇನೆ. ತಂಬ್ರಹಳ್ಳಿ ಹತ್ತಿರದ ನಮ್ಮ ತವರಿನಲ್ಲಿ ಎತ್ತಿನ ಸಗಣಿ ತೆಳ್ಳಗಾದರೆ ಓಣಿಯವರೆಲ್ಲ ಸೇರಿ ಮಾತಾಡುತ್ತಿದ್ದರು. ಮನುಷ್ಯರ ವಿಷಯಕ್ಕೆ ಬಂದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಅಣ್ಣನೂ ಅದೇ ಮನೆಯಲ್ಲಿ ಬೆಳೆದವನು.

ಭಾನುವಾರ ಕೂಡ್ಲಿಗಿಗೆ ಹೋದೆ. ಅಣ್ಣನ ಅಂಗಿ ಭುಜದ ಮೇಲೆ ಜೋಲುತ್ತಿತ್ತು.

"ಮೂಲವ್ಯಾಧಿ ಅದು. ಇಂಜಿನ್ ಕಾವಿಗೆ ಡ್ರೈವರಿಗೆಲ್ಲಾ ಆಗ್ತೈತಿ. ಪುಡಿ ತಗಳಾಕತ್ತೀನಿ, ಕಮ್ಮಿ ಆಗೈತಿ" ಎಂದ.

"ಕಮ್ಮಿ ಆಗಿದ್ರ ಬೆಲ್ಟಿಗೆ ಹೊಸಾ ತೂತು ಯಾಕ ಹಾಕ್ಸಿಕೊಂಡ್ರಿ?" ಅತ್ತಿಗೆ ಅಡುಗೆಮನೆಯಿಂದಲೇ ಕೇಳಿದಳು.

ಯಾವಾಗಿನಿಂದ ಎಂದು ನಾನು ಕೇಳಿದೆ. ದೀಪಾವಳಿಗೂ ಮುಂಚಿನಿಂದ ಎಂದ. ಆಗಲೇ ಯುಗಾದಿ ಹತ್ತಿರ ಬಂದಿತ್ತು.

ಮರುದಿನ ರಜೆ ಹಾಕಿ ಅಲ್ಲಿಯೇ ಉಳಿದು, ಬೆಳಿಗ್ಗೆ ಅವನನ್ನು ಆಸ್ಪತ್ರೆಗೆ ಹೊರಡಿಸಿದೆ. ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅಣ್ಣ ಬಾಗಿಲಲ್ಲೇ ನಿಂತು, "ಗಂಡ್ಸು ಡಾಕ್ಟ್ರು ಇಲ್ಲೇನ್ರಿ?" ಎಂದು ಕೇಳಿದ.

"ಇವತ್ತು ಅವರು ರಜಾ. ನಾನು ದಿನಾ ನೋಡೋದೇ ಇದು, ಬನ್ನಿ ಒಳಗೆ" ಎಂದಳು ಆಕೆ, ಏನೂ ವಿಶೇಷವಿಲ್ಲ ಎನ್ನುವ ಹಾಗೆ. ಪರದೆಯ ಹಿಂದೆ ಪರೀಕ್ಷೆ ಮಾಡಿ, ಕೈ ತೊಳೆದು ಬಂದು ಕೂತಳು. "ಮೂಲವ್ಯಾಧಿನೇ ಇರಬಹುದು. ಆದರೆ ರಕ್ತ ಬಂದರೆ ಎಲ್ಲರೂ ಅದೇ ಅಂತ ತಾವೇ ತೀರ್ಮಾನ ಮಾಡ್ಕೊಂಡು ಸುಮ್ಮನಾಗ್ತಾರೆ. ತೂಕ ಬೇರೆ ಇಳಿದಿದೆ. ದಾವಣಗೆರೆಗೆ ಹೋಗಿ ಒಳಗೆ ಕ್ಯಾಮೆರಾ ಹಾಕಿ ನೋಡಿಸಿ. ಈ ವಾರವೇ ಹೋಗಿ."

ಹೋದೆವು. ಗುದನಾಳದ ಮೇಲ್ಭಾಗದಲ್ಲಿ ಗಡ್ಡೆ ಇತ್ತು. ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಎಂದು ಬಂತು. ಆಸ್ಪತ್ರೆಯ ಬೆಂಚಿನ ಮೇಲೆ ಅಣ್ಣ ಬಹಳ ಹೊತ್ತು ತನ್ನ ಅಂಗೈಗಳನ್ನೇ ನೋಡುತ್ತ ಕೂತಿದ್ದ. ಅತ್ತಿಗೆ ಅವನ ತೋಳು ಹಿಡಿದುಕೊಂಡಿದ್ದಳು. ಜನ ಓಡಾಡುವ ಜಾಗದಲ್ಲಿ ಅವರು ಹಾಗೆ ಕೂತದ್ದನ್ನು ನಾನು ಅವತ್ತೇ ಮೊದಲು ಕಂಡದ್ದು.

ಆಪರೇಷನ್ ಆಯಿತು. ಗಡ್ಡೆ ಕರುಳಿನ ಗೋಡೆಯನ್ನು ದಾಟಿ ಹೊರಗೆ ಹೋಗಿರಲಿಲ್ಲ, ಅಷ್ಟರ ಮಟ್ಟಿಗೆ ನಾವು ಬೇಗ ಬಂದಿದ್ದೆವು. ಕೊಯ್ದು ಜೋಡಿಸಿದ ಕರುಳು ಮಾಯುವವರೆಗೆ, ಕೆಲವು ತಿಂಗಳ ಮಟ್ಟಿಗೆ, ಹೊಟ್ಟೆಯ ಪಕ್ಕದಲ್ಲಿ ದಾರಿ ಮಾಡಿ ಅಲ್ಲಿಗೊಂದು ಚೀಲ ಅಂಟಿಸಿದ್ದರು. ಮಲ ಅದರಲ್ಲಿ ಬಂದು ಸೇರುತ್ತಿತ್ತು.

ಮನೆಗೆ ಕಳಿಸುವ ದಿನ ದೊಡ್ಡ ಡಾಕ್ಟರು ಕೇಳಿದರು: "ನಿಮ್ಮ ತಂದೆ ಏನಾಗಿ ತೀರಿಕೊಂಡರು?"

"ಹೊಟ್ಟಿ ಬ್ಯಾನಿ ಅಂತಿದ್ರು ಸರ್" ಎಂದ ಅಣ್ಣ. ನಾವು ಚಿಕ್ಕವರಿದ್ದಾಗಿನ ಮಾತು ಅದು. ನಮಗೆ ಅಷ್ಟೇ ಗೊತ್ತಿದ್ದದ್ದು.

"ಒಡಹುಟ್ಟಿದವರೆಲ್ಲ ಪರೀಕ್ಷೆ ಮಾಡಿಸ್ಕೊಳ್ಳಿ" ಎಂದರು ಅವರು. "ಏನೂ ತೊಂದರೆ ಇಲ್ಲ ಅಂದರೂ ಮಾಡಿಸಿ. ಇದು ಒಂದು ಸಣ್ಣ ಗುಳ್ಳೆಯಾಗಿ ಶುರುವಾಗುತ್ತೆ, ವರ್ಷಗಟ್ಟಲೆ ಗೊತ್ತೇ ಆಗಲ್ಲ. ಆಗಲೇ ಸಿಕ್ಕರೆ ಅಲ್ಲೇ ತೆಗೆದು ಮನೆಗೆ ಕಳಿಸ್ತೀವಿ."

ಮೊದಲು ನಾನು ಮಾಡಿಸಿಕೊಂಡೆ. ಹಿಂದಿನ ದಿನ ಉಪ್ಪುಪ್ಪಾದ ಔಷಧದ ನೀರನ್ನು ಲೋಟಗಟ್ಟಲೆ ಕುಡಿದು ಹೊಟ್ಟೆ ತೊಳೆದುಕೊಳ್ಳಬೇಕು. ನಾನು ಓಡುವ ರಭಸ ನೋಡಿ ನನ್ನ ಗಂಡ ಬಚ್ಚಲ ದಾರಿಯಲ್ಲಿದ್ದ ಕುರ್ಚಿಯನ್ನು ಎತ್ತಿ ಬೇರೆ ಕಡೆ ಇಟ್ಟ. ಪರೀಕ್ಷೆಯೇ ಸಲೀಸು. ಇಂಜೆಕ್ಷನ್ ಕೊಟ್ಟದ್ದು ಗೊತ್ತು, ಎಚ್ಚರವಾಗುವಷ್ಟರಲ್ಲಿ ಮುಗಿದಿತ್ತು. ಕರುಳು ಸ್ವಚ್ಛವಾಗಿದೆ ಎಂದರು.

ಉಳಿದವಳು ಅಕ್ಕ. ನಮ್ಮಲ್ಲಿ ಹಿರಿಯವಳು. ಹಡಗಲಿ ತಾಲ್ಲೂಕಿನ ಇಟ್ಟಿಗಿ ಕಡೆ ಕೊಟ್ಟ ಮನೆ. ಅವಳದೂ ಭಾವನದೂ ಮಲ್ಲಿಗೆ ತೋಟವಿದೆ. ಫೋನ್ ಮಾಡಿದರೆ ಒಂದೇ ಮಾತು: "ನನಗೇನಾಗೈತಿ? ಉಂಡಿದ್ದು ಅರಗ್ತೈತಿ, ಮಲಗಿದ್ರ ನಿದ್ದಿ ಬರ್ತೈತಿ. ಒಂದಿನ ಮೊಗ್ಗು ಬಿಡಸಲಿಲ್ಲಂದ್ರ ಅರಳಿ ಹೋಗ್ತಾವ, ಯಾರೂ ತಗಳಲ್ಲ. ಎಲ್ಲಿ ಬರ್ಲಿ?" ನಾನು ಕರುಳು, ಗುಳ್ಳೆ, ವಂಶ ಎಂದೆಲ್ಲ ಬಿಡಿಸಿ ಹೇಳಿದೆ. ಪಾಠ ಕೇಳಿದಂತೆ ಕೇಳಿ ಫೋನ್ ಇಟ್ಟಳು.

ಕಡೆಗೆ ಅಣ್ಣನೇ ಹೊರಟ. ಓಡಾಡಬಹುದು ಎಂದು ಡಾಕ್ಟರು ಹೇಳಿ ಸ್ವಲ್ಪ ದಿನವಾಗಿತ್ತು. ನಾನು ಜೊತೆಗೆ ಹೋದೆ. ನಾವು ತೋಟ ಮುಟ್ಟಿದಾಗ ಅಕ್ಕ ಬೇವಿನ ಮರದ ಕೆಳಗೆ ಕೂತು, ಬಿಡಿಸಿದ ಮೊಗ್ಗನ್ನು ಒದ್ದೆ ಬಟ್ಟೆಯಲ್ಲಿ ಕಟ್ಟುತ್ತಿದ್ದಳು. ಅಣ್ಣ ಅವಳ ಎದುರಿಗೆ ಕೂತ. ನೀರು ಕುಡಿದ. ಆಮೇಲೆ ಅಂಗಿ ಮೇಲೆತ್ತಿದ.

"ಇಲ್ಲಿ ನೋಡಕ್ಕ."

ಅಕ್ಕ ಮುಖ ತಿರುಗಿಸಿದಳು.

"ನೋಡು. ನಿನಗ ತೋರ್ಸಾಕ ನಾಚಿಗಿ ಬಿಟ್ಟು ಬಂದೀನಿ. ನನಗೂ ಮೊದಲ ಏನೂ ಆಗಿದ್ದಿಲ್ಲ. ಆಗೈತಂತ ಗೊತ್ತಾಗೋವತ್ತಿಗೆ ಇಷ್ಟು ಆಗಿತ್ತು. ನಾಕೈದು ವರ್ಷ ಮುಂಚೆ ನೋಡಿದ್ರ ಗುಳ್ಳಿ ಕಿತ್ತು ಅವತ್ತ ಮನಿಗಿ ಕಳಸ್ತಿದ್ವಿ ಅಂದ್ರು ಡಾಕ್ಟ್ರು."

ಅಕ್ಕ ಈಗ ನೋಡಿದಳು. ಚೀಲವನ್ನೂ, ಅದರ ಪಕ್ಕದ ಹೊಲಿಗೆಯ ಗುರುತನ್ನೂ ನೋಡಿದಳು. ಮೊಗ್ಗಿನ ಗಂಟು ಅವಳ ಮಡಿಲಲ್ಲೇ ಬಿಚ್ಚಿಕೊಂಡಿತ್ತು.

"ನೋಯ್ತೈತೇನಪ್ಪ?"

"ಈಗಿಲ್ಲ. ಇನ್ನೊಂದು ಆಪ್ರೇಷನ್ ಮಾಡಿ ಇದನ್ನ ತೆಗಿತಾರ. ಆಮ್ಯಾಲ ಮೊದ್ಲಿನಂಗ."

ಅಕ್ಕ ಮಡಿಲಲ್ಲಿ ಚೆಲ್ಲಿದ ಮೊಗ್ಗನ್ನು ಬಟ್ಟೆಗೆ ಸೇರಿಸಿದಳು. ಆಮೇಲೆ ನಮ್ಮಿಬ್ಬರನ್ನೂ ನೋಡದೆ ಹೇಳಿದಳು: "ಅಪ್ಪನ ಧೋತ್ರ ನಾನ ಒಗಿತಿದ್ದೆ. ಹಳ್ಳಕ್ಕ ನನ್ನೊಬ್ಬಾಕಿನ್ನ ಕಳಸ್ತಿದ್ಲು ಅವ್ವ. ರಕ್ತ ಇರ್ತಿತ್ತು. ಯಾರ ಮುಂದೂ ಅನಬ್ಯಾಡ ಅಂದಿದ್ಲು."

ಅಣ್ಣ ಅಂಗಿ ಇಳಿಸಿದ. ಅಕ್ಕ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಇಷ್ಟು ವರ್ಷ ಅದನ್ನು ಒಬ್ಬಳೇ ಹೊತ್ತುಕೊಂಡಿದ್ದಳಲ್ಲ ಎಂದು ನನಗೆ ಸಂಕಟವಾಯಿತು. ಅವಳ ಹತ್ತಿರ ಸರಿದು ಕೂತೆ.

"ಮೊಗ್ಗು ಯಾರು ಬಿಡಸ್ತಾರ?" ಎಂದಳು ಕೊನೆಗೆ. ಬರುತ್ತೇನೆ ಎಂದು ಅವಳು ಹೇಳಿದ್ದು ಹಾಗೆ.

"ನಾನು ಬಿಡಸ್ತೀನಿ. ರಜಾದ ಮ್ಯಾಲ ಅದೀನಿ, ಬ್ಯಾರೆ ಏನು ಕೆಲ್ಸ ಐತಿ ನನಗ" ಎಂದ ಅಣ್ಣ.

ಅಲ್ಲೇ ಪಾತಿಗೆ ನೀರು ತಿರುವುತ್ತಿದ್ದ ಭಾವ ತಲೆ ಎತ್ತಿ, "ಸ್ಟೇರಿಂಗ್ ಹಿಡದಂಗ ಹಿಡದ್ರ ಮೊಗ್ಗು ಉಳಿಯಂಗಿಲ್ಲೋ ಮಾರಾಯ" ಎಂದರು. ಅಕ್ಕ ನಕ್ಕಳು.

ದಾವಣಗೆರೆಯಲ್ಲಿ ಅಕ್ಕನ ದೊಡ್ಡ ಕರುಳಿನಲ್ಲಿ ಎರಡು ಗುಳ್ಳೆ ಸಿಕ್ಕವು. ಪರೀಕ್ಷೆ ಮಾಡುತ್ತಲೇ ಎರಡನ್ನೂ ತೆಗೆದರು. ಕೊಯ್ತವಿಲ್ಲ, ಹೊಲಿಗೆಯಿಲ್ಲ. ಸಂಜೆಯ ಹೊತ್ತಿಗೆ ನಾವು ಹರಪನಹಳ್ಳಿ ದಾಟಿ ವಾಪಸ್ ಬರುತ್ತಿದ್ದೆವು, ಅಕ್ಕ ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡುತ್ತಿದ್ದಳು. ಮುಂದೆ ವರದಿ ಬಂದಾಗ ಡಾಕ್ಟರು ಬಿಡಿಸಿ ಹೇಳಿದರು: ಕ್ಯಾನ್ಸರ್ ಅಲ್ಲ. ಆದರೆ ಒಂದು ಗುಳ್ಳೆ ಆ ದಾರಿ ಹಿಡಿದಿತ್ತು, ಹಾಗೇ ಬಿಟ್ಟಿದ್ದರೆ ಕೆಲವು ವರ್ಷಗಳಲ್ಲಿ ಆಗುತ್ತಿತ್ತು. ಇನ್ನು ಅವರು ಹೇಳಿದಾಗ ಬಂದು ಮತ್ತೆ ತೋರಿಸಿಕೊಂಡರೆ ಸಾಕು.

"ಹಂಗಾರ ನನಗೇನೂ ಆಗಿದ್ದಿಲ್ಲ" ಎಂದಳು ಅಕ್ಕ, ಹೊರಗೆ ಬಂದಮೇಲೆ.

"ಆಗೋದಿತ್ತು" ಎಂದೆ.

ಅವಳು ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕೂತಳು. ಕೂತು ಅಣ್ಣನಿಗೆ ಫೋನ್ ಮಾಡು ಎಂದಳು. ಮಾಡಿ ಕೊಟ್ಟರೆ, "ಊಟ ಮಾಡಿಯೇನಪ್ಪ?" ಎಂದಷ್ಟೇ ಕೇಳಿದಳು.

ಅಣ್ಣನ ಚೀಲ ಹೋಗಿ ಈಗ ವರ್ಷ ದಾಟಿದೆ. ಕೆಲವು ತಿಂಗಳು ಡಿಪೋದಲ್ಲೇ ಹಗುರ ಕೆಲಸ ಕೊಟ್ಟಿದ್ದರು, ಈಗ ಮತ್ತೆ ಕೊಟ್ಟೂರು ರೂಟಿನ ಬಸ್ಸು ಓಡಿಸುತ್ತಾನೆ. ಡ್ರೈವರುಗಳ ವಿಶ್ರಾಂತಿ ಕೋಣೆಯಲ್ಲಿ ಯಾರಾದರೂ ಮೂಲವ್ಯಾಧಿ ಎಂದರೆ ಸಾಕು, "ಯಾರು ಹೇಳಿದ್ರು? ನೀನ ಡಾಕ್ಟ್ರೇನು?" ಎಂದು ಹಿಡಿದುಕೊಳ್ಳುತ್ತಾನಂತೆ. ಮೊದಮೊದಲು ನಕ್ಕವರಲ್ಲಿ ಕೆಲವರು ಒಬ್ಬೊಬ್ಬರೇ ಬಂದು ಗುಟ್ಟಾಗಿ ಕೇಳಿ, ತೋರಿಸಿಕೊಂಡು ಬಂದಿದ್ದಾರೆ. ನಾನೂ ಆ ಪಾಠ ಬಂದಾಗ ಬಾಣದ ಗುರುತಿಗೆ ನಿಲ್ಲಿಸುವುದಿಲ್ಲ. ಮಲದಲ್ಲಿ ರಕ್ತ ಕಂಡರೆ ಮನೆಯಲ್ಲಿ ಹೇಳಬೇಕು, ದೊಡ್ಡವರಿಗೆ ಕಂಡರೂ ಡಾಕ್ಟರ ಹತ್ತಿರ ಹೋಗಲು ಹೇಳಬೇಕು ಎನ್ನುತ್ತೇನೆ. ಹಿಂದಿನ ಬೆಂಚಿನವರು ಕಿಸಕ್ಕನೆ ನಗುತ್ತಾರೆ. ನಗಲಿ, ಕೇಳಿಸಿಕೊಂಡಿರುತ್ತಾರೆ.

ಆದರೆ ಅಕ್ಕನಷ್ಟು ಕೆಲಸ ನಮ್ಮಿಬ್ಬರಿಂದ ಆಗಿಲ್ಲ. ಮೊಗ್ಗು ಬಿಡಿಸುವ ಹೆಂಗಸರ ನಡುವೆ, ಮಹಿಳಾ ಸಂಘದ ವಾರದ ಸಭೆಯಲ್ಲಿ, ಎಲ್ಲಿ ಕೂತರೂ ಹೇಳುತ್ತಾಳೆ. ಹೋದ ತಿಂಗಳು ಬೆಳಿಗ್ಗೆ ಫೋನ್ ಬಂತು. "ನಮ್ಮೂರಾಕಿ ಒಬ್ಬಾಕಿನ್ನ ಕರಕಂಡು ಬಸ್ಸು ಹತ್ತೀನಿ. ರಕ್ತ ಬರ್ತೈತಂತ, ಯಾರಿಗೂ ಹೇಳಿಲ್ಲ. ನೀನು ಸ್ಟ್ಯಾಂಡಿಗೆ ಬಾ."

ಹಗರಿಬೊಮ್ಮನಹಳ್ಳಿಯ ಡಾಕ್ಟರು ನೋಡಿ, ಆಕೆಯನ್ನು ದಾವಣಗೆರೆಗೆ ಕ್ಯಾಮೆರಾ ಪರೀಕ್ಷೆಗೂ ಕಳಿಸಿದರು. ಅದರಲ್ಲಿ ಬರೀ ಮೂಲವ್ಯಾಧಿ ಎಂದೇ ಬಂತು. ಆಕೆ ಸಂಕೋಚದಿಂದ, "ನಿಮಗ ಸುಮ್ನ ತ್ರಾಸು ಕೊಟ್ಟೆ ಅಕ್ಕಾರ" ಎಂದಳು.

"ಬಾ, ಚಾ ಕುಡಿಯಾಣ" ಎಂದು ಅಕ್ಕ ಅವಳ ಕೈಚೀಲವನ್ನೂ ತಾನೇ ತೆಗೆದುಕೊಂಡು ಮುಂದೆ ನಡೆದಳು.