ಬಾಡಿಗೆ ಕೋಟಿನ ಕ್ಯಾಪ್ಟನ್

ಪ್ರಕಾಶನದ ಕಚೇರಿಯಲ್ಲಿ ಅವಳನ್ನು ಎಲ್ಲರೂ ಪಟದಕ್ಕ ಎಂದೇ ಕರೆಯುತ್ತಿದ್ದರು. ಪುಸ್ತಕಗಳಿಗೆ ಹಳೆಯ ಭಾವಚಿತ್ರ ಹುಡುಕಿಕೊಡುವುದು ಅವಳ ಕೆಲಸ. ಮಸುಕು ಪಟ ಕಂಡರೆ ಅವಳಿಗೆ ಮೈಯೆಲ್ಲ ಉರಿ. ಎಂಥ ಶೂರನೇ ಇರಲಿ, ಭೂತಗನ್ನಡಿಯಡಿ ಹುಬ್ಬಿನ ಕೂದಲು ಬಿಡಿಬಿಡಿಯಾಗಿ ಕಾಣದಿದ್ದರೆ ಪಟ ಆಚೆಗೆ. "ಅಚ್ಚಿಗೆ ಹೋದ್ರೆ ಇದು ಮುಖ ಅಲ್ಲ, ಮಸಿಬಟ್ಟೆ" ಎಂದು ಲೇಖಕರ ಎದುರೇ ಹೇಳಿಬಿಡುವಳು.

ಈ ಸಲ ಅವಳ ಕೈಗೆ ಸಿಕ್ಕವರು ಒಬ್ಬ ನಿವೃತ್ತ ಮೇಜರ್. ತಮ್ಮ ಪಡೆಯ ಚರಿತ್ರೆ ಬರೆದಿದ್ದರು. ಒಂದೇ ಒಂದು ಪಟ ಬಾಕಿ: ಮೇಜರ್ ಪಡೆ ಸೇರುವ ಮುಂಚೆಯೇ ಸೇತುವೆ ಕಾಯುತ್ತ ಪ್ರಾಣ ಬಿಟ್ಟ ಕ್ಯಾಪ್ಟನ್‌ನದು. ಅವನಿದ್ದದ್ದು ತುಕಡಿಯ ಒಂದು ಗುಂಪು ಚಿತ್ರದಲ್ಲಿ ಮಾತ್ರ, ಅದೂ ಸಾಸಿವೆಯಷ್ಟು ತಲೆ. ಪಟದಕ್ಕ ಒಮ್ಮೆ ನೋಡಿ ಅದನ್ನು ಪಕ್ಕಕ್ಕೆ ತಳ್ಳಿದ್ದಳು.

ಮೇಜರ್ ಅಷ್ಟಕ್ಕೆ ಬಿಡುವ ಆಸಾಮಿಯಲ್ಲ. ಶಿಬಿರದ ಪಕ್ಕ ಮುಚ್ಚಿಹೋಗಿದ್ದ ಸ್ಟುಡಿಯೋದ ನೆಗೆಟಿವ್ ಪೆಟ್ಟಿಗೆಯನ್ನೇ ಪತ್ತೆ ಹಚ್ಚಿದರು. ಒಂದರಲ್ಲೂ ಹೆಸರಿರಲಿಲ್ಲ. ಅದರಲ್ಲೊಂದನ್ನು ಪ್ರಿಂಟ್ ಹಾಕಿಸಿ ಅವಳ ಮೇಜಿನ ಮೇಲಿಟ್ಟರು. "ಇವರೇ ಇರಬೇಕು ತಾಯಿ. ಕ್ಯಾಪ್ಟನ್ ಕೋಟು, ಎದೆ ತುಂಬ ಪದಕ."

ಹುಬ್ಬಿನ ಕೂದಲೇನು, ಗುಂಡಿ ಹೊಲಿದ ದಾರವೂ ಕಾಣುತ್ತಿತ್ತು. ಪಟದಕ್ಕ ಭೂತಗನ್ನಡಿ ಇಟ್ಟವಳು ತೆಗೆಯಲೇ ಇಲ್ಲ. ಅದು ಅವಳ ಅಪ್ಪ.

ಅಪ್ಪ ಆ ತುಕಡಿಯ ಅಡುಗೆಯವನು. ಸ್ಟುಡಿಯೋದವನು ಪದಕಗಳ ಸಮೇತ ಒಂದು ಕೋಟನ್ನು ಗೂಟಕ್ಕೆ ನೇತುಹಾಕಿಕೊಂಡು, ಬಂದವರಿಗೆಲ್ಲ ಅದನ್ನೇ ತೊಡಿಸಿ ಕೂರಿಸುತ್ತಿದ್ದ. ಅಪ್ಪನ ಪಟ ಹೆಣ್ಣಿನ ಮನೆಗೆ ಹೋಗಿತ್ತು. "ಕೋಟು ನೋಡಿ ಒಪ್ಕೊಂಡೆ, ಮದುವೆ ಆದ್ಮೇಲೆ ಸೌಟು ನೋಡಿದೆ" ಎಂದು ಅಮ್ಮ ಕೊನೆಯ ತನಕ ಆಡಿಕೊಂಡಳು. ಅವಳಷ್ಟು ಗಂಡನನ್ನು ಹಚ್ಚಿಕೊಂಡವರೂ ಇಲ್ಲ. ಮನೆಯಲ್ಲಿದ್ದ ಪ್ರತಿಯನ್ನು ಗೆದ್ದಲು ತಿಂದು ಯಾವ ಕಾಲವಾಯಿತೋ. ಅಪ್ಪನದು ಬೇರೆ ಪಟವೇ ಇರಲಿಲ್ಲ.

ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಅಪ್ಪ ಪುಸ್ತಕದಲ್ಲಿ ವೀರನಾಗಿ ಉಳಿಯುತ್ತಾನೆ. ನರಪಿಳ್ಳೆಗೂ ಗೊತ್ತಾಗುವುದಿಲ್ಲ. ಅವಳಿಗೆ ಆಸೆಯಾಯಿತು, ಬಹಳವೇ ಆಸೆಯಾಯಿತು. ಆದರೆ ಸೇತುವೆಯ ಮೇಲೆ ಸತ್ತವನಿಗೂ ಒಬ್ಬ ಮಗಳಿರಬಹುದಲ್ಲ. ಆ ಮಗಳು ಪುಟ ತೆರೆದು ಬೇರೆ ಯಾರದೋ ಅಪ್ಪನನ್ನು ನೋಡಬೇಕೆ?

"ಇವರು ಕ್ಯಾಪ್ಟನ್ ಅಲ್ಲ ಸಾರ್" ಎಂದಳು. "ನಮ್ಮಪ್ಪ. ಆ ತುಕಡಿಗೆ ಅಡುಗೆ ಮಾಡ್ತಿದ್ರು. ಕೋಟು ಸ್ಟುಡಿಯೋದ್ದು."

ಮೇಜರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಸಂಪಾದಿಸದ ಪದಕ ಅಚ್ಚಾದ್ರೆ ನಮ್ಮ ಹಳಬರು ನನ್ನ ಚರ್ಮ ಸುಲೀತಾರೆ" ಎಂದರು. ಆಮೇಲೆ ಮೆಲ್ಲಗೆ, "ಅವರ ಸ್ವಂತ ಬಟ್ಟೇಲಿರೋ ಪಟ ಇದ್ರೆ ಕೊಡಿ ತಾಯಿ. ಅಡುಗೆಯವರ ಬಗ್ಗೆ ನಾನು ಒಂದು ಸಾಲೂ ಬರೆದಿಲ್ಲ, ನೋಡಿ" ಎಂದರು.

ಇಲ್ಲ ಎನ್ನಲು ಹೋದವಳು ಗುಂಪು ಚಿತ್ರವನ್ನು ಹತ್ತಿರ ಎಳೆದುಕೊಂಡಳು. ಮೊದಲ ಸಲ ಅವಳು ನಡುವೆ ಕೂತ ಕ್ಯಾಪ್ಟನ್‌ನನ್ನು ಬಿಟ್ಟು ಬೇರೆ ಯಾರನ್ನೂ ನೋಡಿರಲಿಲ್ಲ. ಎಡತುದಿಯಲ್ಲಿ, ಒಲೆಯ ಹೊಗೆಯ ಪಕ್ಕ, ತೋಳು ಮಡಚಿದ ಅಂಗಿಯವನೊಬ್ಬ ಪಟ ತೆಗೆಯುವ ಹೊತ್ತಿಗೇ ಒಲೆಯತ್ತ ತಿರುಗಿಬಿಟ್ಟಿದ್ದ. ಮುಖವೆಲ್ಲ ಕಲಸಿಹೋಗಿತ್ತು. ಆದರೆ ಒಂದು ಭುಜ ಇಳಿಬಿಟ್ಟ ಆ ನಿಲುವೊಂದೇ ಅವಳಿಗೆ ಅಪ್ಪನನ್ನು ಗುರುತಿಸಲು ಸಾಕಿತ್ತು. ಕಣ್ಣು ತುಂಬಿ ಬಂತು.

"ಇದನ್ನೇ ಇಡೀ ಪುಟಕ್ಕೆ ಹಾಕೋಣ ಸಾರ್. ಕ್ಯಾಪ್ಟನ್ನೂ ಬರ್ತಾರೆ, ನಮ್ಮಪ್ಪನೂ ಬರ್ತಾರೆ."

ಮೇಜರ್ ಬಗ್ಗಿ ನೋಡಿದರು. "ನಿಮ್ಮಪ್ಪನ ಮುಖವೇ ಅಲುಗಿದೆಯಲ್ಲ ತಾಯಿ."

"ಅಲುಗ್ಲಿ ಬಿಡಿ. ಒಲೆ ಮೇಲೆ ಪಾತ್ರೆ ಇದ್ದಾಗ ಅವರು ಯಾರಿಗೂ ನೆಟ್ಟಗೆ ನಿಂತೋರಲ್ಲ."