ಉಪ್ಪು ನೋಡಿದವಳು

ಭಾನುವಾರ ಪೂಜೆಗೆ ಹೊರಡುವ ಮೊದಲು ನಾನು ಅಡುಗೆಮನೆಗೆ ಹೋಗಿ, ಮಾಡಿಟ್ಟ ಸಾರಿನ ಉಪ್ಪು ನೋಡಿ, ಒಂದು ಚಮಚ ನುಂಗಿಯೇ ಬಾಗಿಲು ಹಾಕುತ್ತೇನೆ. ನಮ್ಮ ಸಾಗರದ ಚರ್ಚಿನಲ್ಲಿ ಇದು ಗೊತ್ತಾಗಿ ಒಂದಿಬ್ಬರು ಮುಖ ಸಿಂಡರಿಸಿದ್ದಾರೆ. ಪೂಜೆಯಲ್ಲಿ ಫಾದರ್ ಕೊಡುವ ರೊಟ್ಟಿಯನ್ನು, ಅಂದರೆ ಪರಮಪ್ರಸಾದವನ್ನು, ಸ್ವೀಕರಿಸುವ ದಿನ ಹಿಂದಿನ ರಾತ್ರಿಯಿಂದಲೇ ಹೊಟ್ಟೆ ಖಾಲಿ ಇಡಬೇಕು ಎನ್ನುವುದು ನಮ್ಮ ಹಳಬರ ಶಿಸ್ತು. ಈಗಿನ ನಿಯಮ ಒಂದು ಗಂಟೆಯ ಉಪವಾಸ ಅಷ್ಟೇ. ಆದರೂ ಬುದ್ಧಿ ಬಂದಾಗಿನಿಂದ ನಾನು ಹಳೆಯದನ್ನೇ ಪಾಲಿಸಿದವಳು, ಪಾಲಿಸದವರನ್ನು ಕಣ್ಣಲ್ಲೇ ಅಳೆದವಳು. ಈಗೇಕೆ ಬಿಟ್ಟಿರಿ ಎಂದು ಕೇಳಿದವರಿಗೆ "ಶುಗರ್" ಎಂದು ಹೇಳಿ ಬಾಯಿ ಮುಚ್ಚಿಸುತ್ತೇನೆ. ನನಗೆ ಶುಗರ್ ಇಲ್ಲ.

ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ ನಮ್ಮ ಚರ್ಚಿನಿಂದ ಆರು ಜನ ನೇಪಾಳಕ್ಕೆ ಹೋದೆವು. ಗಡಿ ದಾಟಿ ಐದಾರು ಗಂಟೆ ಘಾಟಿ ಹತ್ತಿದರೆ ಸಿಗುವ ಊರೊಂದರಲ್ಲಿ ಒಂದು ಅನಾಥಾಶ್ರಮ. ನಮ್ಮ ಫಾದರ್‌ಗೆ ಅದರ ಪರಿಚಯವಿತ್ತು. ನಾಟಿಯ ಸಮಯಕ್ಕೆ ಅಲ್ಲಿನ ಅಡುಗೆಯವರು ತಮ್ಮ ತಮ್ಮ ಗದ್ದೆಗೆ ಹೋಗಿಬಿಡುತ್ತಾರೆ, ಇಪ್ಪತ್ತಮೂರು ಮಕ್ಕಳನ್ನು ನೋಡಿಕೊಳ್ಳುವ ದೀದಿ ಒಬ್ಬರೇ ಆಗುತ್ತಾರೆ, ಎರಡು ವಾರ ಕೈಜೋಡಿಸಿ ಬರೋಣ ಎಂದು ಫಾದರ್ ಕೇಳಿದಾಗ ಮೊದಲು ಕೈ ಎತ್ತಿದವಳು ನಾನು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ಆಗಷ್ಟೇ ನಿವೃತ್ತಳಾಗಿದ್ದೆ. ಯಾರಿಗಾದರೂ ಬೇಕಾಗಿರುವುದು ನನಗೆ ಬೇಕಾಗಿತ್ತು.

ಎರಡನೆಯ ಕೈ ಹೊಸನಗರದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವವಳದು. ಮಕ್ಕಳ ಬಟ್ಟೆ ಹೊಲಿಯಲು ಬಂದಳು. ನನಗೂ ಅವಳಿಗೂ ಯಾವತ್ತೂ ಅಷ್ಟಕ್ಕಷ್ಟೆ. ನಾನು ಮಾತು ಮುಗಿಸುವ ಮೊದಲೇ ಅವಳು ಅದರಲ್ಲಿ ತಪ್ಪು ಹುಡುಕಿರುತ್ತಾಳೆ. ನೇಪಾಳಕ್ಕೆ ವೋಟರ್ ಕಾರ್ಡ್ ಸಾಕು ಎಂದು ಫಾದರ್ ಹೇಳಿದಾಗ, "ಪಾಸ್‌ಪೋರ್ಟ್ ಇಲ್ದಿರೋ ಫಾರಿನ್ ಎಂತ ಫಾರಿನ್ ಮಾರಾಯ್ರೆ, ತೀರ್ಥಹಳ್ಳಿಗೆ ಹೋಗ್ಬಂದಂಗೆ" ಎಂದಳು. ಎಲ್ಲರೂ ನಕ್ಕರು. ತೀರ್ಥಹಳ್ಳಿ ನನ್ನ ತವರಿನ ತಾಲ್ಲೂಕು ಎಂಬ ಕಾರಣಕ್ಕೆ ನಾನು ನಗಲಿಲ್ಲ.

ಆಶ್ರಮದಲ್ಲಿ ಮೊದಲ ದಿನವೇ ಅಡುಗೆಮನೆ ನನ್ನ ಕೈಗೆ ಬಂತು. ಬಂತು ಎಂದೇನು, ತೆಗೆದುಕೊಂಡೆ. ಎರಡನೆಯ ದಿನ ಒಂದು ಹುಡುಗಿ ನನ್ನ ಸೆರಗಿಗೆ ಅಂಟಿಕೊಂಡಳು. ಆರು ವರ್ಷ, ಮುಂದಿನ ಎರಡು ಹಲ್ಲಿಲ್ಲ, ಅಪ್ಪ ಅಮ್ಮ ಇಬ್ಬರೂ ಇಲ್ಲ. ನನ್ನ ಪುಸ್ತಕದ ಹಿಂದಿ ಅವಳಿಗೆ ಅರ್ಧ ಅರ್ಥವಾಗುತ್ತಿತ್ತು. ಅಜ್ಜಿ ಎನ್ನಲು ಕಲಿಸಿದೆ. ಆಮೇಲೆ ಇಡೀ ದಿನ ಅಜ್ಜಿ, ಅಜ್ಜಿ. ಮಕ್ಕಳಿಲ್ಲದ ನನಗೆ ಆ ಎರಡಕ್ಷರ ಹೇಗೆ ಕೇಳಿಸಿತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಐದನೆಯ ದಿನ ಭಾನುವಾರ. ರಾತ್ರಿಯಿಡೀ ಹೊಡೆದ ಮಳೆ ಬೆಳಿಗ್ಗೆ ನಿಂತಿತ್ತು. ಹುಡುಗಿಯ ಕೈ ಹಿಡಿದು ಆಶ್ರಮದ ಹಿಂದಿನ ಇಳಿಜಾರಿಗೆ ಹೋದರೆ, ಮರಗಳ ಕೆಳಗೆ ಬೆಳ್ಳಗೆ ಅಣಬೆ ಎದ್ದು ನಿಂತಿವೆ. ನನ್ನ ಜೀವ ಹಿಗ್ಗಿತು.

ನಾನು ಹುಟ್ಟಿದ್ದು ತೀರ್ಥಹಳ್ಳಿ ಕಡೆಯ ಅರಳಸುರಳಿಯ ಹತ್ತಿರ. ಗುಡುಗು ಮಳೆ ಶುರುವಾದ ಮೇಲೆ ಅಮ್ಮ ಹುತ್ತದ ಅಣಬೆಗೆ ಹೋಗುವಾಗ ನನ್ನೊಬ್ಬಳನ್ನೇ ಕರೆದೊಯ್ಯುತ್ತಿದ್ದಳು. ಯಾವ ಹುತ್ತ ಎಂಬುದು ಪಕ್ಕದ ಮನೆಯವರಿಗೂ ತಿಳಿಯಬಾರದು. ಬುಡ ಕೀಳಲು ಬಿಡುತ್ತಿರಲಿಲ್ಲ. ದಂಟನ್ನು ಮಣ್ಣಿನ ಮಟ್ಟಕ್ಕೇ ಚಿವುಟಬೇಕು, ಇಲ್ಲದಿದ್ದರೆ ಮುಂದಿನ ವರ್ಷ ಏಳುವುದಿಲ್ಲ ಎನ್ನುತ್ತಿದ್ದಳು. ಮನೆಗೆ ತಂದು ಪಲ್ಯ ಮಾಡಿ ಇಳಿಸಿದ ಮೇಲೆ ಮೊದಲು ಅವಳೇ ತಿನ್ನುತ್ತಿದ್ದಳು. ನಾವು ತಟ್ಟೆ ಹಿಡಿದು ನಿಂತರೆ, "ಇರಿ, ಉಪ್ಪು ನೋಡ್ತಿದೀನಿ" ಎನ್ನುತ್ತಿದ್ದಳು. ಅವಳು ಉಪ್ಪು ನೋಡಿ ಮುಗಿಸುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಇದು ಶುದ್ಧ ಜಿಪುಣತನ ಎಂದು ನಾನು ಬಹಳ ವರ್ಷ ನಂಬಿದ್ದೆ.

ಆ ಇಳಿಜಾರಿನಲ್ಲಿ ಹುತ್ತ ಇರಲಿಲ್ಲ. ಅದು ನನ್ನ ಕಣ್ಣಿಗೆ ಬಿತ್ತು. ಇಲ್ಲಿಯ ಮಣ್ಣೇ ಬೇರೆ ಇರಬಹುದು ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ಅಮ್ಮ ಕಲಿಸಿದಂತೆ ಒಂದೊಂದನ್ನೂ ಮಣ್ಣಿನ ಮಟ್ಟಕ್ಕೆ ಚಿವುಟಿದೆ, ಹುಡುಗಿಗೂ ಹಾಗೇ ಚಿವುಟಲು ತೋರಿಸಿಕೊಟ್ಟೆ. ಇಬ್ಬರೂ ಸೇರಿ ಒಂದು ಬುಟ್ಟಿ ತುಂಬಿಸಿದೆವು.

ಜಗುಲಿಯಲ್ಲಿ ಕುಳಿತು ಅಂಗಿಗೆ ಗುಂಡಿ ಹಾಕುತ್ತಿದ್ದ ಟೈಲರ್ ಬುಟ್ಟಿ ನೋಡಿದಳು. "ಟೀಚರೇ, ಗೊತ್ತಿಲ್ದಿದ್ ಜಾಗದ್ ಅಣಬೆ ಬ್ಯಾಡ. ಹುತ್ತ ಇತ್ತಾ ಅಲ್ಲಿ?"

"ನೀ ಗುಂಡಿ ಹಾಕು ಮಾರಾಯ್ತಿ. ಅಣಬೆ ವಿಷಯ ನಂಗೆ ಹೇಳ್ಕೊಡ್ಬೇಡ."

ಒಲೆಯ ಮೇಲಿಟ್ಟಾಗ ಎರಡು ಎಸಳು ಬೆಳ್ಳುಳ್ಳಿ ಹಾಕಿ ನೋಡಿದೆ. ವಿಷದ ಅಣಬೆಯಾದರೆ ಬೆಳ್ಳುಳ್ಳಿ ಕಪ್ಪಾಗುತ್ತದೆ ಎನ್ನುವುದು ಮೂಢನಂಬಿಕೆ, ಯಾರೂ ನಂಬಬೇಡಿ ಎಂದು ಪ್ರತಿ ವರ್ಷ ಒಂಬತ್ತನೆಯ ತರಗತಿಗೆ ಹೇಳಿದವಳು ನಾನೇ. ಬೆಳ್ಳುಳ್ಳಿ ಬೆಳ್ಳಗೇ ಇತ್ತು. ನನಗೆ ಸಮಾಧಾನವಾಯಿತು.

ಏಳೂವರೆಗೆ ಪಲ್ಯ ಬೆಂದಿತು. ಎಂಟೂವರೆಗೆ ಫಾದರ್ ಪೂಜೆ ಅರ್ಪಿಸುವವರಿದ್ದರು, ಆಮೇಲೆ ಎಲ್ಲರಿಗೂ ಊಟ. ನಾನು ಉಪವಾಸ, ಉಪ್ಪು ನೋಡುವಂತಿಲ್ಲ. ಹುಡುಗಿ ಒಲೆಯ ಪಕ್ಕದಲ್ಲೇ ಇದ್ದಳು. ಅವಳಿನ್ನೂ ಪರಮಪ್ರಸಾದ ಸ್ವೀಕರಿಸುವ ವಯಸ್ಸಿನವಳಲ್ಲ, ಉಪವಾಸದ ಹಂಗಿಲ್ಲ. ಎರಡು ಹೋಳನ್ನು ಊದಿ ಆರಿಸಿ ಅವಳ ಅಂಗೈಗೆ ಹಾಕಿದೆ. ಉಪ್ಪು ಸರಿ ಇದೆಯಾ ಎಂದು ಕೇಳಿದೆ. ಹಲ್ಲಿಲ್ಲದ ಬಾಯಲ್ಲಿ ಜಗಿದು ನುಂಗಿ, ಚೆನ್ನಾಗಿದೆ ಎಂದು ತಲೆ ಆಡಿಸಿದಳು.

ಎಂಟು ಗಂಟೆಗೆ ಟೈಲರ್ ಅಡುಗೆಮನೆಗೆ ಬಂದಳು. ಹಿಂದೆಯೇ ದೀದಿ. ಟೈಲರ್ ಕೈಯಲ್ಲಿ ಕೊಡೆ, ಕೊಡೆಯ ಮೊನೆಗೆಲ್ಲ ಕೆಸರು. ಇನ್ನೊಂದು ಕೈಯಲ್ಲಿ ಬುಡಸಮೇತ ಅಗೆದು ತಂದ ಒಂದು ಅಣಬೆ. ಮೇಲೆ ನೋಡಿದರೆ ನಾನು ಚಿವುಟಿದ್ದರ ತದ್ರೂಪ. ಆದರೆ ಬುಡದಲ್ಲಿ, ಮಣ್ಣಿನೊಳಗೆ ಇದ್ದ ಭಾಗದಲ್ಲಿ, ಮೊಟ್ಟೆ ಒಡೆದು ಉಳಿದ ಸಿಪ್ಪೆಯಂಥ ಬಿಳಿ ಬಟ್ಟಲು. ಹುತ್ತದ ಅಣಬೆಗೆ ಅದು ಇರುವುದಿಲ್ಲ, ದಂಟೇ ಬೇರಿನಂತೆ ಉದ್ದಕ್ಕೆ ಇಳಿದಿರುತ್ತದೆ. ಆ ಬಟ್ಟಲಿನ ಚಿತ್ರವನ್ನು ನಾನು ಎಷ್ಟೋ ಸಲ ಬೋರ್ಡಿನ ಮೇಲೆ ಬರೆದಿದ್ದೇನೆ. ಅದರ ಹೆಸರಿನ ಪಕ್ಕ ವಿಷ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಬುಡ ಕೀಳದೆ ಚಿವುಟಿದ್ದರಿಂದ ಅದು ಮಣ್ಣಿನಲ್ಲೇ ಉಳಿದುಕೊಂಡಿತ್ತು.

ದೀದಿ ಬಾಣಲೆ ಎತ್ತಿಕೊಂಡು ಹೊರಗೆ ಹೋದರು. ಗುಂಡಿ ತೋಡಿಸಿ ಪಲ್ಯ ಸುರಿದು ಮಣ್ಣು ಮುಚ್ಚಿಸಿದರು. ಬಂದು ಹಿಂದಿಯಲ್ಲಿ, ಪಕ್ಕದ ಹಳ್ಳಿಯಲ್ಲಿ ಒಂದೇ ಮನೆಯ ನಾಲ್ವರು ಇದನ್ನೇ ತಿಂದು ಸತ್ತಿದ್ದಾರೆ ಎಂದರು. ಆಮೇಲೆ ಕೇಳಿದರು: "ಯಾರಾದರೂ ತಿಂದಿದ್ದಾರಾ?"

ನಾನು ಇಲ್ಲ ಎಂದೆ.

ಏಕೆ ಹಾಗೆಂದೆ ಎಂದು ನನ್ನನ್ನು ನಾನು ಸಾವಿರ ಸಲ ಕೇಳಿಕೊಂಡಿದ್ದೇನೆ. ಹೆದರಿಕೆಗಿಂತ ಮೊದಲು ನಾಚಿಕೆ ಬಂತು. ಟೈಲರ್ ಎದುರಿಗೆ ನಿಂತಿದ್ದಳು, ಅಷ್ಟೇ ಕಾರಣ. ಎರಡೇ ಹೋಳು, ಏನೂ ಆಗಲಾರದು ಎಂದು ಅಂದುಕೊಂಡೆ. ಹಾಗೆ ಅಂದುಕೊಂಡವಳಿಗೆ, ಎರಡು ಹೋಳು ಒಂದು ಮಗುವಿಗೆ ಏನು ಮಾಡಬಲ್ಲದು ಎಂಬುದು ಆ ಮನೆಯಲ್ಲಿದ್ದ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಪೂಜೆ ಶುರುವಾಯಿತು. ಹಜಾರದಲ್ಲಿ ಚಾಪೆಯ ಮೇಲೆ ಮಕ್ಕಳ ಸಾಲು. ಹುಡುಗಿ ನನಗಿಂತ ಎರಡು ಸಾಲು ಮುಂದೆ ಕುಳಿತು ದೊಡ್ಡ ದನಿಯಲ್ಲಿ ಹಾಡುತ್ತಿದ್ದಳು, ನಡುನಡುವೆ ತಿರುಗಿ ನನ್ನ ಕಡೆ ನೋಡಿ ನಗುತ್ತಿದ್ದಳು. ಫಾದರ್ ಏನು ಓದಿದರು, ಏನು ಬೋಧಿಸಿದರು, ಒಂದೂ ಕಿವಿಗೆ ಬೀಳಲಿಲ್ಲ. ಅವಳ ಬೆನ್ನನ್ನೇ ನೋಡುತ್ತಿದ್ದೆ. ಅವಳು ಹೊಟ್ಟೆ ಕೆರೆದುಕೊಂಡರೂ, ಆಕಳಿಸಿದರೂ ಕೈಗಡಿಯಾರ ನೋಡಿಕೊಳ್ಳುತ್ತಿದ್ದೆ. ಈ ವಿಷ ಕೂಡಲೇ ತೋರಿಸಿಕೊಳ್ಳುವುದಿಲ್ಲ, ಆರೆಂಟು ಗಂಟೆ ಸುಮ್ಮನಿರುತ್ತದೆ, ಅಷ್ಟರಲ್ಲಿ ಒಳಗೆ ಕೆಲಸ ಮುಗಿಸುತ್ತದೆ ಎಂದು ನನಗೆ ಗೊತ್ತು. ಗೊತ್ತಿದ್ದೂ ಕುಳಿತಿದ್ದೆ.

ಪರಮಪ್ರಸಾದದ ಹೊತ್ತಿಗೆ ಎಲ್ಲರೊಡನೆ ಎದ್ದೆ. ಕಾಲಿಗೆ ಅಭ್ಯಾಸ. ಸಾಲು ಸರಿಯಿತು, ಫಾದರ್ ಎದುರು ನಿಂತೆ. ಅವರು ರೊಟ್ಟಿಯನ್ನು ಎತ್ತಿ ಹಿಡಿದು "ಕ್ರಿಸ್ತನ ಶರೀರ" ಎಂದರು. ಆಮೆನ್ ಎನ್ನಬೇಕು. ಇದನ್ನು ಶುದ್ಧವಾಗಿ ನುಂಗಲಿಕ್ಕೆಂದು ನನ್ನ ಬಾಯಿಯನ್ನು ಕಾಪಾಡಿಕೊಂಡು ಆ ಮಗುವಿನ ಬಾಯಿಗೆ ವಿಷ ಹಾಕಿದ್ದೆ.

"ಫಾದರ್, ಆ ಹುಡುಗಿ ವಿಷದ ಅಣಬೆ ತಿಂದಿದಾಳೆ" ಎಂದೆ. "ನಾನೇ ತಿನ್ಸಿದೀನಿ. ಉಪ್ಪು ನೋಡೋಕೆ."

ಫಾದರ್ ಪಾತ್ರೆಯನ್ನು ಪೀಠದ ಮೇಲಿಟ್ಟು, ಉಟ್ಟ ಉಡುಪಿನಲ್ಲೇ ಓಡಿಹೋಗಿ ಜೀಪಿನವನನ್ನು ಕೂಗಿದರು. ದೀದಿ ಹುಡುಗಿಯನ್ನು ಎತ್ತಿಕೊಂಡರು. ನನ್ನ ಮುಖ ನೋಡಲಿಲ್ಲ.

ಆಸ್ಪತ್ರೆಗೆ ಎರಡು ಗಂಟೆಯ ದಾರಿ. ಮಧ್ಯೆ ಎರಡು ಕಡೆ ಗುಡ್ಡ ಜಾರಿ ರಸ್ತೆಗೆ ಬಂದಿತ್ತು, ಒಂದು ಕಡೆ ಇಳಿದು ನಾವೇ ಕಲ್ಲು ಸರಿಸಬೇಕಾಯಿತು. ಹುಡುಗಿಗೆ ಜೀಪಿನ ಸವಾರಿ ಎಂದು ಖುಷಿ. ದೀದಿಯ ತೊಡೆಯ ಮೇಲೆ ಕುಳಿತು ಕಿಟಕಿಯಾಚೆ ಕಂಡದ್ದನ್ನೆಲ್ಲ ನನಗೆ ತೋರಿಸುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ. ಪಕ್ಕದಲ್ಲಿದ್ದ ಟೈಲರ್ ದಾರಿಯುದ್ದಕ್ಕೂ ಒಂದೇ ಮಾತು ಆಡಿದಳು. "ಒಂದ್ ಗಂಟೆ ಹೋಯ್ತಲ್ಲ ಟೀಚರೇ." ಅವಳ ದನಿಯಲ್ಲಿ ಚುಚ್ಚುವಿಕೆ ಇರಲಿಲ್ಲ. ಇದ್ದಿದ್ದರೆ ತಿರುಗಿ ಬೈಯಬಹುದಿತ್ತು, ನನಗೆ ಅಷ್ಟಾದರೂ ಸಿಗುತ್ತಿತ್ತು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಮೂಗಿಗೆ ನಳಿಗೆ ಹಾಕಿ ಹೊಟ್ಟೆ ತೊಳೆದರು, ವಿಷ ಹೀರುವ ಇದ್ದಿಲಿನ ಕಪ್ಪು ಮದ್ದು ಕುಡಿಸಿದರು. ಎಷ್ಟು ಹೊತ್ತಾಯಿತು ಎಂದು ಕೇಳಿದರು. ಹೇಳಿದೆ. ಇನ್ನೂ ಬೇಗ ತರಬೇಕಿತ್ತು ಎಂದರು. ದಾರಿ ಕೆಟ್ಟಿತ್ತು ಎಂದು ಫಾದರ್ ಹೇಳಲು ಹೊರಟರು. ನಾನು ತಡೆದು, ದಾರಿಯಲ್ಲ, ನಾನು ಸುಳ್ಳು ಹೇಳಿದೆ ಎಂದೆ. ಅವರು ನನ್ನನ್ನು ಒಮ್ಮೆ ನೋಡಿ ಬರೆದುಕೊಂಡರು.

ನಾಲ್ಕು ಗಂಟೆಗೆ ವಾಂತಿ ಶುರುವಾಯಿತು. ಆಮೇಲೆ ಭೇದಿ. ಅಷ್ಟು ಸಣ್ಣ ಮೈಯೊಳಗೆ ಅಷ್ಟು ನೀರು ಎಲ್ಲಿತ್ತೋ. ಅಜ್ಜಿ, ಅಜ್ಜಿ ಎಂದು ಅಳುತ್ತಿದ್ದಳು, ನನ್ನ ಕೈಯನ್ನೇ ಹಿಡಿದುಕೊಂಡು.

ಮರುದಿನ ಎಲ್ಲ ನಿಂತಿತು. ಹುಡುಗಿ ಎದ್ದು ಕುಳಿತು ಟೈಲರ್ ಹೊಲಿದುಕೊಟ್ಟ ಬಟ್ಟೆಯ ಗೊಂಬೆಯೊಡನೆ ಆಡತೊಡಗಿದಳು. ಫಾದರ್ ಮುಖ ಅರಳಿತು, ದೀದಿ ನನಗೆ ಚಹಾ ತಂದುಕೊಟ್ಟರು. ಡಾಕ್ಟರು ಮಾತ್ರ ನಗಲಿಲ್ಲ. ಈ ವಿಷ ಹೀಗೆ ಒಂದು ದಿನ ಬಿಟ್ಟುಕೊಟ್ಟು ಆಮೇಲೆ ಪಿತ್ತಜನಕಾಂಗಕ್ಕೆ ಹಿಡಿಯುತ್ತದೆ, ನಾಲ್ಕನೆಯ ದಿನ ಕಳೆಯುವವರೆಗೆ ಏನೂ ಹೇಳಲಾರೆ ಎಂದರು. ಮೂರನೆಯ ದಿನ ಬೆಳಿಗ್ಗೆ ರಕ್ತಪರೀಕ್ಷೆಯಲ್ಲಿ ಪಿತ್ತಜನಕಾಂಗದ ಅಂಕಿ ಏರಿತ್ತು. ಸಂಜೆ ಇನ್ನೂ ಏರಿತ್ತು. ಹುಡುಗಿಯ ಕಣ್ಣು ಹಳದಿಯಾಗುತ್ತಿದೆಯೇ ಎಂದು ಎಷ್ಟು ಸಲ ರೆಪ್ಪೆ ಎಳೆದು ನೋಡಿದೆನೆಂದರೆ, ಅವಳು ನನ್ನ ಕೈಗೆ ಹೊಡೆದಳು.

ಆ ಬೆಂಚಿನ ಮೇಲೆ ಕುಳಿತಿದ್ದಾಗಲೇ ನನಗೆ ಅಮ್ಮ ಅರ್ಥವಾದದ್ದು. ಪಲ್ಯ ಇಳಿಸಿ, ತಾನೊಬ್ಬಳೇ ತಿಂದು, ಸಂಜೆಯವರೆಗೆ ನಮ್ಮನ್ನು ಬೈದು ದೂರ ಇಟ್ಟು, ಹಿತ್ತಲಲ್ಲಿ ಕೆಲಸ ಮಾಡುತ್ತ ಅವಳು ನೋಡುತ್ತಿದ್ದದ್ದು ಉಪ್ಪನ್ನಲ್ಲ. ಗೊತ್ತಿರುವ ಹುತ್ತದ ಅಣಬೆಯನ್ನೂ ಅವಳು ನಂಬಿರಲಿಲ್ಲ. ಓದು ಬರದ ಹೆಂಗಸು. ಅವಳ ಎರಡು ಮಾತಿನಲ್ಲಿ ಅಣಬೆ ಚಿವುಟುವುದನ್ನು ಇಟ್ಟುಕೊಂಡು, ತಾನೇ ಮೊದಲು ಉಪ್ಪು ನೋಡುವುದನ್ನು ನಾನು ಬಿಟ್ಟಿದ್ದೆ.

ನಾಲ್ಕನೆಯ ದಿನ ಬೆಳಿಗ್ಗೆ ಡಾಕ್ಟರು ಕಾಗದ ಹಿಡಿದು ಬಂದರು. ಇಳಿಯುತ್ತಿದೆ ಎಂದರು. ಮಧ್ಯಾಹ್ನ ಇನ್ನೊಮ್ಮೆ ನೋಡಿ, ಇನ್ನು ತೆಳ್ಳಗೆ ಗಂಜಿ ಕೊಡಬಹುದು ಎಂದರು. ಫಾದರ್ ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು. ಟೈಲರ್ ನನ್ನ ಬೆನ್ನಿಗೆ ಒಂದು ಗುದ್ದಿದಳು, ಆಮೇಲೆ ಅಲ್ಲೇ ಕೈಯಿಟ್ಟುಕೊಂಡಳು. "ನೀವೇ ಮಾಡಿ ಗಂಜಿ. ಹೋಗಿ" ಎಂದಳು.

ಆಸ್ಪತ್ರೆಯ ಅಡುಗೆಮನೆಯಲ್ಲಿ ಅನ್ನ ನುಣ್ಣಗೆ ಬೇಯಿಸಿ, ಚಿಟಿಕೆ ಉಪ್ಪು ಹಾಕಿ ತಂದೆ. ಹುಡುಗಿ ದಿಂಬಿಗೆ ಒರಗಿ ಕುಳಿತಿದ್ದಳು. ಚಮಚದಲ್ಲಿ ತೆಗೆದು, ಊದಿ ಆರಿಸಿ, ಅವಳ ಬಾಯಿಯ ಹತ್ತಿರ ಹಿಡಿದೆ.

ಅವಳು ಬಾಯಿ ತೆರೆಯಲಿಲ್ಲ. ಚಮಚ ನೋಡಿದಳು, ನನ್ನನ್ನು ನೋಡಿದಳು. ನನ್ನ ಮಣಿಕಟ್ಟು ಹಿಡಿದು ಚಮಚವನ್ನು ಮೆಲ್ಲಗೆ ನನ್ನ ಕಡೆಗೇ ತಿರುಗಿಸಿದಳು.

"ಪೆಹಲೆ ಅಜ್ಜಿ" ಎಂದಳು. ಮೊದಲು ಅಜ್ಜಿ.

ತಿಂದೆ. ಅದು ನನ್ನ ಗಂಟಲಿನಲ್ಲಿ ಇಳಿಯುವವರೆಗೂ ನೋಡಿದಳು. ಇಳಿದ ಮೇಲೂ ಸ್ವಲ್ಪ ಹೊತ್ತು ನೋಡುತ್ತಲೇ ಇದ್ದಳು. ನಾನು ಚಮಚ ಹಿಡಿದುಕೊಂಡು ಕಾದೆ. ಆಮೇಲೆ ಬಾಯಿ ತೆರೆದಳು.